ಹೋಗೋಕೆ ಹತ್ತು ನಿಮಿಷ, ಬರೋಕೆ ಎರಡು ಗಂಟೆ: ಮೆಕ್ಸಿಕೊ ರಸ್ತೆಗಳ ಇತಿಹಾಸ

ಭಾಗ 1/9 | ಉರುಳುವ ಮನೆ

ಗೆಳೆಯರೇ, ಈ ಸಲದ ಸರಣಿ ರಸ್ತೆಯದ್ದು. ರಾಜರಿಲ್ಲ, ಕೋಟೆ ಇಲ್ಲ. ಆದ್ರೆ ಯುದ್ಧ ಇದೆ, ದುಡ್ಡಿದೆ, ಹೆದರಿಕೆ ಇದೆ.

ಅಮೆರಿಕದಿಂದ ಮೆಕ್ಸಿಕೊಗೆ ಗಾಡಿ ಓಡಿಸ್ಕೊಂಡು ಹೋಗೋರು ಮೊದಲು ಗಮನಿಸೋ ವಿಷಯ ಇದು. ಗಡಿ ಸೇತುವೆ ಒಂದೇ. ದಕ್ಷಿಣಕ್ಕೆ ದಾಟೋಕೆ ಎಷ್ಟೋ ಸಲ ಹತ್ತು ನಿಮಿಷ ಸಾಕು. ವಾಪಸ್ ಉತ್ತರಕ್ಕೆ ಬರುವಾಗ ಅದೇ ಜಾಗದಲ್ಲಿ ಎರಡು ಗಂಟೆ ಸಾಲಲ್ಲಿ ನಿಂತರೂ ಯಾರೂ ಆಶ್ಚರ್ಯ ಪಡಲ್ಲ.

ನಾವು ಒಂದು ಆರ್‌ವಿ ಹತ್ತಿ ಹೋಗೋಣ. ಆರ್‌ವಿ ಅಂದ್ರೆ ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರೋ ದೊಡ್ಡ ಗಾಡಿ. ಮೆಕ್ಸಿಕೊದಲ್ಲಿ ಇದಕ್ಕೆ 'ಕಾಸಾ ರೋಡಾಂತೆ' ಅಂತಾರೆ, ಅಂದ್ರೆ ಉರುಳುವ ಮನೆ. ಚಳಿಗಾಲ ಬಂತು ಅಂದ್ರೆ ಅಮೆರಿಕ, ಕೆನಡಾದ ಎಷ್ಟೋ ನಿವೃತ್ತರು ಈ ಮನೆ ಓಡಿಸ್ಕೊಂಡು ಬಿಸಿಲು ಹುಡುಕಿ ದಕ್ಷಿಣಕ್ಕೆ ಇಳೀತಾರೆ.

ದಾರಿಯಲ್ಲಿ ಅವರಿಗೆ ಸಿಗೋ ವಿಚಿತ್ರಗಳನ್ನ ನೋಡಿ:

• ಕಾರಿಗೆ 180 ದಿನದ ಪರವಾನಗಿ. ಉರುಳುವ ಮನೆಗೆ 10 ವರ್ಷದ್ದು.
• ಆ ಪರವಾನಗಿ ಕೊಡೋ ಕಿಟಕಿ ಸೇನೆಯ ಬ್ಯಾಂಕಿನದು.
• ಬಾಹಾ ಪರ್ಯಾಯ ದ್ವೀಪಕ್ಕೆ ಹೋದ್ರೆ ಆ ಪರವಾನಗಿನೇ ಬೇಡ.
• ಎಷ್ಟೋ ಕಡೆ ಒಂದೇ ಊರಿಗೆ ಎರಡು ಹೆದ್ದಾರಿ. ಒಂದಕ್ಕೆ ದುಬಾರಿ ಸುಂಕ, ಇನ್ನೊಂದು ಪುಕ್ಕಟೆ.
• ಗಾಡಿ ಕೆಟ್ಟು ನಿಂತರೆ ಹಸಿರು ಬಣ್ಣದ ಟ್ರಕ್ ಬಂದು ಸಹಾಯ ಮಾಡುತ್ತೆ, ಕೂಲಿ ಕೇಳಲ್ಲ.

ಪ್ರವಾಸಿಗರು ಇದನ್ನೆಲ್ಲ 'ಟಿಪ್ಸ್' ಅಂತ ಬರ್ಕೊಂಡು ಹೋಗ್ತಾರೆ. ನಾವು ಒಂದೊಂದರ ಬೇರು ಹಿಡಿದು ಹೋಗೋಣ. ಸ್ವೈಪ್ ಮಾಡಿ.

ಭಾಗ 2/9 | ನದಿ ಗಡಿಯಾದಾಗ

1846ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಯುದ್ಧ ಶುರುವಾಯಿತು. 1848ರ ಫೆಬ್ರವರಿ 2ರಂದು ಗ್ವಾದಲೂಪೆ ಹಿದಾಲ್ಗೊ ಒಪ್ಪಂದಕ್ಕೆ ಸಹಿ ಬಿತ್ತು. ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾದ ಬಹುಭಾಗ ಎಲ್ಲ ಅಮೆರಿಕದ ಪಾಲಾಯಿತು. ಟೆಕ್ಸಸ್ ಸೇರಿಸಿ ಲೆಕ್ಕ ಹಾಕಿದ್ರೆ ಮೆಕ್ಸಿಕೊ ತನ್ನ ನೆಲದ ಸುಮಾರು ಅರ್ಧ ಕಳ್ಕೊಂಡಿತು. ಪ್ರತಿಯಾಗಿ ಸಿಕ್ಕಿದ್ದು 1.5 ಕೋಟಿ ಡಾಲರ್.

ಟೆಕ್ಸಸ್ ಕಡೆ ಗಡಿಯಾಗಿ ನಿಂತದ್ದು ಒಂದು ನದಿ. ಅಮೆರಿಕದವರಿಗೆ ಅದು ರಿಯೊ ಗ್ರಾಂಡೆ, ಮೆಕ್ಸಿಕೊದವರಿಗೆ ರಿಯೊ ಬ್ರಾವೊ. ನದಿಯ ಉತ್ತರ ದಡದಲ್ಲಿದ್ದ ಲಾರೆಡೊ ಊರು ಪರದೇಶ ಆಗಿಹೋಯಿತು. 'ನಾವು ಮೆಕ್ಸಿಕೊದವರಾಗೇ ಇರ್ತೀವಿ' ಅಂದ ಕುಟುಂಬಗಳು ನದಿ ದಾಟಿ ಎದುರು ದಡದಲ್ಲಿ ನೂವೊ ಲಾರೆಡೊ ಕಟ್ಟಿದವು. ಹೋಗುವಾಗ ಹಿರಿಯರ ಗೋರಿ ಅಗೆದು ಮೂಳೆಗಳನ್ನೂ ಹೊತ್ಕೊಂಡು ಹೋದರು ಅಂತ ಆ ಊರಲ್ಲಿ ಇವತ್ತಿಗೂ ಹೇಳ್ತಾರೆ.

ಆಮೇಲೆ ಹೊಟ್ಟೆಪಾಡಿನ ಪ್ರಶ್ನೆ ಬಂತು. ಮೆಕ್ಸಿಕೊದಲ್ಲಿ ಆಮದು ಸುಂಕ ಜಾಸ್ತಿ, ಹಾಗಾಗಿ ಸಾಮಾನು ದುಬಾರಿ. ನದಿಯ ಆಚೆ ಅದೇ ಸಾಮಾನು ಅಗ್ಗ. ಜನ ಊರು ಬಿಟ್ಟು ಆಚೆ ದಡಕ್ಕೆ ಹೋಗೋಕೆ ಶುರು ಮಾಡಿದರು. ಅದಕ್ಕೆ 1858ರಲ್ಲಿ ತಮಾವುಲಿಪಾಸ್ ರಾಜ್ಯ ತನ್ನ ಗಡಿ ಊರುಗಳನ್ನ 'ಸೋನಾ ಲಿಬ್ರೆ', ಅಂದ್ರೆ ಮುಕ್ತ ವಲಯ, ಅಂತ ಘೋಷಿಸಿತು. ಆ ಪಟ್ಟಿಯೊಳಗೆ ಬಳಸೋ ಸಾಮಾನಿಗೆ ಸುಂಕ ಇಲ್ಲ. 1885ರಲ್ಲಿ ಇದು ಇಡೀ ಗಡಿಗೆ ಹಬ್ಬಿತು. ಕಳ್ಳಸಾಗಣೆ ಜಾಸ್ತಿ ಆಯ್ತು ಅಂತ ಎರಡೂ ಕಡೆಯ ವ್ಯಾಪಾರಿಗಳು ಗಲಾಟೆ ಮಾಡಿದರು. 1905ರಲ್ಲಿ ವಲಯ ರದ್ದಾಯಿತು.

ವ್ಯವಸ್ಥೆ ಹೋಯಿತು, ಯೋಚನೆ ಉಳಿಯಿತು. 1930ರ ದಶಕದಲ್ಲಿ ತಿಹುವಾನಾ ಮತ್ತು ಎನ್ಸೆನಾದಾ ಸುತ್ತ ಮತ್ತೆ ಮುಕ್ತ ವಲಯ ಬಂತು. ಇವತ್ತು ಗಡಿಯಿಂದ ಸುಮಾರು 20-30 ಕಿ.ಮೀ. ಒಳಗಿನವರೆಗೆ ಮತ್ತು ಇಡೀ ಬಾಹಾದಲ್ಲಿ ಪರದೇಶದ ಗಾಡಿಗೆ ಆಮದು ಪರವಾನಗಿ ಕೇಳಲ್ಲ ಅಂದ್ರೆ, ಅದು ಆ 1858ರ ಯೋಚನೆಯ ಮೊಮ್ಮಗ.

ಭಾಗ 3/9 | ಸೀಮೆಎಣ್ಣೆ ಸ್ನಾನ

ಗಡಿಯಲ್ಲಿ ಕಾಯೋ ಸಾಲು ಯಾವಾಗ ಹುಟ್ಟಿತು? ಬಹಳ ಕಾಲ ಜನ ಆಚೆ ಈಚೆ ಸಲೀಸಾಗಿ ಓಡಾಡ್ತಿದ್ದರು. ಹುವಾರೆಸ್ ಊರಿನ ಹೆಂಗಸರು ಬೆಳಗ್ಗೆ ಟ್ರಾಮ್ ಹತ್ತಿ ಸೇತುವೆ ದಾಟಿ, ಎಲ್ ಪಾಸೊದ ಮನೆಗಳಲ್ಲಿ ಕಸ ಮುಸುರೆ ಮಾಡಿ ಸಂಜೆ ವಾಪಸ್ ಹೋಗ್ತಿದ್ದರು.

ಮೆಕ್ಸಿಕೊದಲ್ಲಿ ಕ್ರಾಂತಿ ನಡೀತಿದ್ದ ಕಾಲ. ಟೈಫಸ್ ಜ್ವರ ಬರುತ್ತೆ ಅನ್ನೋ ಹೆದರಿಕೆಯಲ್ಲಿ ಎಲ್ ಪಾಸೊ ಆಡಳಿತ ಒಂದು ನಿಯಮ ತಂದಿತು. ದಾಟುವವರು ಬಟ್ಟೆ ಬಿಚ್ಚಿ ಹೇನು ತಪಾಸಣೆಗೆ ನಿಲ್ಲಬೇಕು. ಹೇನು ಕಂಡರೆ ತಲೆಗೆ ಸೀಮೆಎಣ್ಣೆ, ವಿನೆಗರ್. ಅದರ ಹಿಂದಿನ ವರ್ಷ, 1916ರಲ್ಲಿ, ಎಲ್ ಪಾಸೊ ಜೈಲಿನಲ್ಲಿ ಇಂಥದ್ದೇ ಸ್ನಾನ ಮಾಡಿಸುವಾಗ ಬೆಂಕಿ ಹತ್ತಿ ಕೈದಿಗಳು ಸುಟ್ಟು ಸತ್ತಿದ್ದರು. ಆ ಸುದ್ದಿ ಎಲ್ಲರಿಗೂ ಗೊತ್ತಿತ್ತು.

1917ರ ಜನವರಿ 28. ಕಾರ್ಮೆಲಿತಾ ತೋರೆಸ್ ಅನ್ನೋ 17 ವರ್ಷದ ಮನೆಗೆಲಸದ ಹುಡುಗಿ 'ನಾನು ಸ್ನಾನ ಮಾಡಲ್ಲ' ಅಂದಳು. ಟ್ರಾಮ್‌ನಲ್ಲಿದ್ದ ಇತರ ಹೆಂಗಸರನ್ನೂ ಒಪ್ಪಿಸಿದಳು. ನೋಡನೋಡ್ತಾ ಸಾವಿರಾರು ಜನ ಸೇರಿದರು, ಟ್ರಾಮ್‌ಗಳ ಮುಂದೆ ಮಲಗಿದರು, ಸೇತುವೆ ಬಂದ್ ಆಯಿತು.

ನಿಮ್ಮ ವಯಸ್ಸಿನವಳು. ಕಾಲೇಜಿಗೆ ಹೋಗಿದ್ದವಳಲ್ಲ, ಸಂಘಟನೆ ಕಟ್ಟಿದ್ದವಳಲ್ಲ. ಅವತ್ತು ಅವಳು ಗೆಲ್ಲಲಿಲ್ಲ. ಗಲಭೆ ಅಡಗಿತು, ಸ್ನಾನ ದಶಕಗಳ ಕಾಲ ಮುಂದುವರಿಯಿತು. 1924ರಲ್ಲಿ ಅಮೆರಿಕ ಗಡಿಗೆಂದೇ ಬಾರ್ಡರ್ ಪೆಟ್ರೋಲ್ ಅನ್ನೋ ಪಡೆ ಕಟ್ಟಿತು. ದಾಟುವವರ ಮೈ ಮೇಲೆ ಅನುಮಾನ ಪಡೋ ಅಭ್ಯಾಸಕ್ಕೆ ಈಗ ಸಮವಸ್ತ್ರವೂ ಬಂತು.

ಭಾಗ 4/9 | ಹೆದರಿಕೆ ದಾಟಿ ಬಂದ ರಸ್ತೆ

ಉತ್ತರಕ್ಕೆ ದಾರಿ ಮಾಡಿದ್ರೆ ಮತ್ತೆ ಸೈನ್ಯ ಬರುತ್ತೆ ಅನ್ನೋ ಭಯ ಮೆಕ್ಸಿಕೊಗೆ ಬಹಳ ಕಾಲ ಇತ್ತು. 1870ರ ದಶಕದಲ್ಲಿ ಅಧ್ಯಕ್ಷರಾಗಿದ್ದ ಲೆರ್ದೊ ದೆ ತೆಹಾದಾ ಗಡಿವರೆಗೆ ರೈಲು ಹಾಕೋಕೆ ಹಿಂದೇಟು ಹಾಕಿದ್ದರು. ಬಲಶಾಲಿಗೂ ಬಡವನಿಗೂ ನಡುವೆ ಮರುಭೂಮಿ ಇರೋದೇ ಕ್ಷೇಮ ಅನ್ನೋ ಅರ್ಥದ ಮಾತು ಅವರ ಹೆಸರಲ್ಲಿ ಓಡಾಡುತ್ತೆ. ಆಮೇಲೆ ಪೋರ್ಫಿರಿಯೊ ದಿಯಾಸ್ ಕಾಲದಲ್ಲಿ ರೈಲು ಬಂತು, ಅದೂ ಬಹುಪಾಲು ಪರದೇಶದ ದುಡ್ಡಿನಲ್ಲಿ.

1910ರಲ್ಲಿ ಶುರುವಾದ ಕ್ರಾಂತಿ ಸುಮಾರು ಹತ್ತು ವರ್ಷ ದೇಶವನ್ನ ಸುಟ್ಟಿತು. ಹೊಸ ಸರ್ಕಾರಕ್ಕೆ ಚದುರಿದ ಊರುಗಳನ್ನ ಹೊಲಿಯೋ ದಾರ ಬೇಕಿತ್ತು. 1925ರಲ್ಲಿ ಅಧ್ಯಕ್ಷ ಕಾಯೆಸ್ ರಾಷ್ಟ್ರೀಯ ರಸ್ತೆ ಆಯೋಗ ರಚಿಸಿದರು. ಪೆಟ್ರೋಲ್ ಮೇಲೆ ತೆರಿಗೆ ಹಾಕಿ ರಸ್ತೆಗೆ ದುಡ್ಡು ಹೊಂದಿಸಿದರು. ರೈಲಿನಂತೆ ಇದೂ ಪರರ ಕೈಗೆ ಹೋಗಬಾರದು, ನಮ್ಮ ದುಡ್ಡಲ್ಲೇ ಆಗಬೇಕು ಅನ್ನೋ ಹಟ ಇತ್ತು.

1936ರ ಜುಲೈನಲ್ಲಿ ನೂವೊ ಲಾರೆಡೊದಿಂದ ಮೆಕ್ಸಿಕೊ ಸಿಟಿವರೆಗಿನ ಹೆದ್ದಾರಿ ಉದ್ಘಾಟನೆ ಆಯಿತು. 1,200 ಕಿ.ಮೀ.ಗೂ ಜಾಸ್ತಿ ಉದ್ದ. ಮೊಂತೆರ್ರೆಯಿ ದಾಟಿ, ಬಿಸಿ ಬಯಲಲ್ಲಿ ಓಡಿ, ತಮಾಸುಂಚಾಲೆ ಅನ್ನೋ ಊರಿಂದ ಸಿಯೆರ್ರಾ ಮಾದ್ರೆ ಬೆಟ್ಟ ಹತ್ತುತ್ತೆ. ಮಂಜು, ಪ್ರಪಾತ, ತಿರುವಿನ ಮೇಲೆ ತಿರುವು. ಕೊನೆಗೆ ಎರಡು ಸಾವಿರ ಮೀಟರ್‌ಗೂ ಎತ್ತರದ ಪ್ರಸ್ಥಭೂಮಿ. ತಮಾಸುಂಚಾಲೆ ಅಂತ ಹೇಳೋಕೆ ನಾಲಿಗೆ ಹೊರಳದ ಅಮೆರಿಕದ ಪ್ರವಾಸಿಗರು ಆ ಊರಿಗೆ 'ಥಾಮಸ್ ಆಂಡ್ ಚಾರ್ಲಿ' ಅಂತಲೇ ಹೆಸರಿಟ್ಟರು.

ಎರಡು ವರ್ಷ ಆದ ಮೇಲೆ, 1938ರ ಮಾರ್ಚ್ 18ರಂದು, ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ಪರದೇಶಿ ತೈಲ ಕಂಪನಿಗಳನ್ನ ರಾಷ್ಟ್ರೀಕರಣ ಮಾಡಿದರು. ಪೆಮೆಕ್ಸ್ ಹುಟ್ಟಿತು. ಮುಂದೆ ದಶಕಗಟ್ಟಲೆ ನಮ್ಮ ಉರುಳುವ ಮನೆ ಯಾವ ಊರಲ್ಲಿ ನಿಂತರೂ ಸಿಗ್ತಿದ್ದದ್ದು ಪೆಮೆಕ್ಸ್ ಬಂಕ್ ಮಾತ್ರ. ಬೇರೆ ಬ್ರ್ಯಾಂಡಿನ ಬಂಕ್ ಬಂದಿದ್ದು 2016ರ ಹೊತ್ತಿಗೆ.

ಭಾಗ 5/9 | ರೇಸ್, ಬೆಳ್ಳಿ ಡಬ್ಬಿ, ಹಸಿರು ದೇವದೂತ

ಅಲಾಸ್ಕಾದಿಂದ ಅರ್ಜೆಂಟೀನಾದವರೆಗೆ ಒಂದೇ ರಸ್ತೆ. ಪಾನ್ ಅಮೆರಿಕನ್ ಹೆದ್ದಾರಿಯ ಈ ಕನಸು 1923ರ ಸಾಂತಿಯಾಗೊ ಸಮ್ಮೇಳನದಲ್ಲಿ ಚಿಗುರಿತು. (ಪನಾಮಾ ಮತ್ತು ಕೊಲಂಬಿಯಾ ನಡುವಿನ ದಾರಿಯೆನ್ ಕಾಡಲ್ಲಿ ಇವತ್ತಿಗೂ ರಸ್ತೆ ಇಲ್ಲ.) ಲ್ಯಾಟಿನ್ ಅಮೆರಿಕದಲ್ಲಿ ತನ್ನ ಪಾಲನ್ನ ಮೊದಲು ಮುಗಿಸಿದ ದೇಶ ಮೆಕ್ಸಿಕೊ, 1950ರಲ್ಲಿ.

'ನೋಡಿ, ನಮ್ಮ ರಸ್ತೆ ಹೇಗಿದೆ' ಅಂತ ಜಗತ್ತಿಗೆ ತೋರಿಸೋಕೆ ಆ ವರ್ಷ ಮೇ ತಿಂಗಳಲ್ಲಿ ಒಂದು ರೇಸ್ ಇಟ್ಟರು: ಕರೇರಾ ಪಾನಾಮೆರಿಕಾನಾ. ಅಮೆರಿಕದ ಗಡಿಯ ಹುವಾರೆಸ್‌ನಿಂದ ಗ್ವಾಟೆಮಾಲಾ ಗಡಿವರೆಗೆ, ಮೂರು ಸಾವಿರ ಕಿ.ಮೀ. ಮೀರಿದ ದೂರ. ಗೆದ್ದವನು ಹರ್ಶೆಲ್ ಮೆಕ್‌ಗ್ರಿಫ್, ಗಾಡಿ ಓಲ್ಡ್ಸ್‌ಮೊಬೀಲ್ 88. 1954ರವರೆಗೆ ಐದು ಸಲ ನಡೆದ ಈ ರೇಸ್‌ನಲ್ಲಿ 27 ಜನ ಸತ್ತರು. ಆಮೇಲೆ ನಿಲ್ಲಿಸಿದರು. ಪೋರ್ಷೆ ಕಂಪನಿಯ 'ಕರೇರಾ' ಅನ್ನೋ ಹೆಸರು ಇಲ್ಲಿಂದಲೇ ಬಂದದ್ದು.

ಅದೇ ರಸ್ತೆಗೆ 1951ರ ಕೊನೆಯಲ್ಲಿ ಇನ್ನೊಂದು ಮೆರವಣಿಗೆ ಇಳಿಯಿತು. ಏರ್‌ಸ್ಟ್ರೀಮ್ ಅನ್ನೋ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಟ್ರೈಲರ್ ಮಾಡ್ತಿದ್ದ ವಾಲಿ ಬಯಮ್, 'ಬನ್ನಿ, ಎಲ್ಲ ಸೇರಿ ಮಧ್ಯ ಅಮೆರಿಕಕ್ಕೆ ಹೋಗೋಣ' ಅಂತ ಕರೆದ. ಅರವತ್ತಕ್ಕೂ ಹೆಚ್ಚು ಟ್ರೈಲರ್‌ಗಳು ಹೊರಟವು. ಕೆಸರು, ಕಲ್ಲು, ಮುರಿದ ಆಕ್ಸಲ್. ನಿಕರಾಗ್ವಾದ ಮನಾಗುವಾ ತಲುಪಿದ್ದು 14 ಮಾತ್ರ. ಆದರೂ ಬಯಮ್ ಬಿಡಲಿಲ್ಲ, ಕಾರವಾನ್ ಯಾತ್ರೆಗಳು ಮುಂದುವರಿದವು. ಮೆಕ್ಸಿಕೊಗೆ ಆರ್‌ವಿ ಪ್ರವಾಸ ಅನ್ನೋ ರೂಢಿಗೆ ಈ ಯಾತ್ರೆಗಳು ದೊಡ್ಡ ತಳ್ಳು ಕೊಟ್ಟವು.

ಪ್ರವಾಸಿ ಬಂದ್ರೆ ಡಾಲರ್ ಬರುತ್ತೆ. ಪ್ರವಾಸಿ ಬೆಟ್ಟದಲ್ಲಿ ಕೆಟ್ಟು ನಿಂತರೆ ಕೆಟ್ಟ ಹೆಸರೂ ಬರುತ್ತೆ. ಹಾಗಾಗಿ 1960ರಲ್ಲಿ ಸರ್ಕಾರ 'ಆಂಗೆಲೆಸ್ ವೆರ್ದೆಸ್', ಅಂದ್ರೆ ಹಸಿರು ದೇವದೂತರು, ಅನ್ನೋ ಪಡೆ ಶುರು ಮಾಡಿತು. ಹಸಿರು ಟ್ರಕ್‌ನಲ್ಲಿ ಮೆಕಾನಿಕ್‌ಗಳು ಹೆದ್ದಾರಿ ಸುತ್ತಾ ಇರ್ತಾರೆ. ಬಿಡಿಭಾಗಕ್ಕೆ, ಪೆಟ್ರೋಲ್‌ಗೆ ದುಡ್ಡು ಕೊಡಬೇಕು, ಕೆಲಸಕ್ಕೆ ಬೇಡ. ಇವತ್ತಿಗೂ 078ಕ್ಕೆ ಫೋನ್ ಮಾಡಿದ್ರೆ ಬರ್ತಾರೆ.

ಭಾಗ 6/9 | ಬಾಹಾ: 1,711 ಕಿ.ಮೀ.

ಮ್ಯಾಪ್‌ನಲ್ಲಿ ನೋಡಿ. ಕ್ಯಾಲಿಫೋರ್ನಿಯಾದ ಕೆಳಗೆ ಉದ್ದ ಬೆರಳಿನ ಹಾಗೆ ಇಳಿದಿರೋದೇ ಬಾಹಾ ಪರ್ಯಾಯ ದ್ವೀಪ. 1970ರ ದಶಕದವರೆಗೂ ಅದರ ಮಧ್ಯಭಾಗದಲ್ಲಿ ಇದ್ದದ್ದು ಕಲ್ಲು, ಮರಳು, ಕಳ್ಳಿ ನಡುವಿನ ಗಾಡಿ ಜಾಡು. 1967ರಲ್ಲಿ ಅಲ್ಲಿ ಮರುಭೂಮಿ ರೇಸ್ ಶುರುವಾಗಿದ್ದೇ ಆ ಜಾಡು ಅಷ್ಟು ಕೆಟ್ಟದಾಗಿತ್ತು ಅಂತ.

1973ರ ಡಿಸೆಂಬರ್ 1ರಂದು ಅಧ್ಯಕ್ಷ ಲೂಯಿಸ್ ಎಚೆವೆರ್ರಿಯಾ ತಿಹುವಾನಾದಿಂದ ಕಾಬೊ ಸಾನ್ ಲೂಕಾಸ್‌ವರೆಗಿನ ಹೆದ್ದಾರಿ ಉದ್ಘಾಟಿಸಿದರು. 1,711 ಕಿ.ಮೀ. ಬೆಂಗಳೂರಿಂದ ಮುಂಬೈಗೆ ಹೋಗಿ ಮುಕ್ಕಾಲು ದಾರಿ ವಾಪಸ್ ಬಂದಷ್ಟು ದೂರ. ಮರುವರ್ಷ, 1974ರ ಅಕ್ಟೋಬರ್‌ನಲ್ಲಿ, ದಕ್ಷಿಣ ಬಾಹಾ ಕೇಂದ್ರದ ಆಡಳಿತದಿಂದ ಹೊರಬಂದು ಪೂರ್ಣ ರಾಜ್ಯವಾಯಿತು. ದಾರಿ ಬಂದ ಬೆನ್ನಿಗೇ ರಾಜ್ಯದ ದರ್ಜೆ ಬಂತು ಅನ್ನೋದನ್ನ ಗಮನಿಸಿ.

ಆದರೆ ರಸ್ತೆ ಕಟ್ಟಿದ್ದು ಕಡಿಮೆ ದುಡ್ಡಲ್ಲಿ. ಅಗಲ ಕಮ್ಮಿ, ಡಾಂಬರು ಮುಗಿದ ಕಡೆ ಪಕ್ಕಕ್ಕೆ ಇಳಿಯೋಕೆ ಜಾಗ ಇಲ್ಲ. ಎದುರಿಂದ ಲಾರಿ ಬಂದ್ರೆ ಎರಡೂ ಗಾಡಿಯ ಕನ್ನಡಿಗಳು ಮುತ್ತಿಕ್ಕುವಷ್ಟು ಹತ್ತಿರ. ಆರ್‌ವಿಯವರು ಅಲ್ಲಿ ಕನ್ನಡಿ ಕಳ್ಕೊಳ್ಳೋದು ಮಾಮೂಲು. ಹಳ್ಳಗಳಿಗೆ ಎಷ್ಟೋ ಕಡೆ ಸೇತುವೆ ಹಾಕಲಿಲ್ಲ. ರಸ್ತೆಯನ್ನೇ ಹಳ್ಳದೊಳಕ್ಕೆ ಇಳಿಸಿ ಹತ್ತಿಸಿದರು. ಇದಕ್ಕೆ 'ವಾದೊ' ಅಂತಾರೆ. ವರ್ಷದ ಬಹುಪಾಲು ದಿನ ಅದು ಒಣ ತಗ್ಗು. ಚಂಡಮಾರುತ ಬಂದ ದಿನ ಅದೇ ನದಿ. ನೀರು ಇಳಿಯೋವರೆಗೆ ಕಾಯಬೇಕು, ಬೇರೆ ದಾರಿ ಇಲ್ಲ.

ಎಲ್ ರೊಸಾರಿಯೊ ಊರು ಬಿಟ್ಟ ಮೇಲೆ 300 ಕಿ.ಮೀ.ಗೂ ಹೆಚ್ಚು ದೂರ ಭರವಸೆಯ ಪೆಟ್ರೋಲ್ ಬಂಕ್ ಇಲ್ಲ. ರಸ್ತೆ ಬದಿಯಲ್ಲಿ ಡ್ರಮ್ ಇಟ್ಕೊಂಡು ಮಾರೋರು ಸಿಗ್ತಾರೆ. ಟ್ಯಾಂಕ್ ತುಂಬಿಸ್ಕೊಂಡು ಹೊರಡಿ ಅನ್ನೋದು ಅಲ್ಲಿನ ಮೊದಲ ಪಾಠ.

ಭಾಗ 7/9 | ದುಡ್ಡಿನ ರಸ್ತೆ, ಪುಕ್ಕಟೆ ರಸ್ತೆ

ಮೆಕ್ಸಿಕೊದಲ್ಲಿ ಎರಡು ಪದ ಕಲಿತ್ಕೊಳ್ಳಿ. 'ಕುವೋತಾ' ಅಂದ್ರೆ ಸುಂಕದ ಹೆದ್ದಾರಿ. 'ಲಿಬ್ರೆ' ಅಂದ್ರೆ ಉಚಿತ ರಸ್ತೆ. ಕುವೋತಾ ನುಣ್ಣಗೆ, ನೇರ, ಊರುಗಳ ಹೊರಗೆ. ಲಿಬ್ರೆ ಪ್ರತಿ ಊರಿನ ಹೊಟ್ಟೆಯೊಳಗೆ ನುಗ್ಗಿ ಹೋಗುತ್ತೆ.

1989ರಿಂದ 1994ರೊಳಗೆ ಅಧ್ಯಕ್ಷ ಸಾಲಿನಾಸ್ ಸರ್ಕಾರ ಖಾಸಗಿಯವರಿಂದ 5,000 ಕಿ.ಮೀ. ಮೀರಿ ಸುಂಕದ ರಸ್ತೆ ಕಟ್ಟಿಸಿತು. ಟೆಂಡರ್ ಯಾರಿಗೆ ಸಿಗ್ತಿತ್ತು ಗೊತ್ತಾ? ಅತಿ ಕಡಿಮೆ ವರ್ಷದಲ್ಲಿ ರಸ್ತೆ ಸರ್ಕಾರಕ್ಕೆ ವಾಪಸ್ ಕೊಡ್ತೀನಿ ಅಂದವರಿಗೆ. ಕೇಳೋಕೆ ಚೆನ್ನಾಗಿದೆ. ಆದರೆ ಹಾಕಿದ ಬಂಡವಾಳವನ್ನ ಕಡಿಮೆ ವರ್ಷದಲ್ಲಿ ವಸೂಲಿ ಮಾಡಬೇಕು ಅಂದ್ರೆ ಸುಂಕ ಏರಿಸಲೇಬೇಕು. ಸುಂಕ ಜಗತ್ತಿನಲ್ಲೇ ದುಬಾರಿ ಅನ್ನೋ ಮಟ್ಟಕ್ಕೆ ಹೋಯಿತು. ಲಾರಿಯವರು ಪಕ್ಕದ ಲಿಬ್ರೆಯಲ್ಲೇ ಓಡಿಸಿದರು. ಹೊಸ ರಸ್ತೆ ಖಾಲಿ, ಹಳೇ ರಸ್ತೆ ಗುಂಡಿ.

1994ರ ಡಿಸೆಂಬರ್‌ನಲ್ಲಿ ಪೆಸೊ ಕುಸಿಯಿತು, ಬಡ್ಡಿ ಗಗನಕ್ಕೇರಿತು. 1997ರಲ್ಲಿ ಸರ್ಕಾರ 52 ಗುತ್ತಿಗೆಗಳಲ್ಲಿ 23ನ್ನ ವಾಪಸ್ ತಗೊಂಡು ಸಾಲ ತಲೆ ಮೇಲೆ ಹೊತ್ಕೊಂಡಿತು. ಅಂದ್ರೆ ಆ ರಸ್ತೆಯಲ್ಲಿ ಯಾವತ್ತೂ ಹೋಗದ ಹಳ್ಳಿಯವನ ತೆರಿಗೆಯೂ ಅದಕ್ಕೆ ಹೋಯಿತು.

ಲಿಬ್ರೆ ರಸ್ತೆಯ ರಾಜ 'ತೋಪೆ', ನಮ್ಮ ಹಂಪ್‌ನ ಅಣ್ಣ. ಹೆದ್ದಾರಿ ಊರೊಳಗೇ ಹೋಗೋದ್ರಿಂದ ಮಕ್ಕಳು, ದನ ಉಳಿಸಿಕೊಳ್ಳೋಕೆ ಊರಿಗೆ ಸಿಕ್ಕ ಆಯುಧ ಅದೊಂದೇ. ಎಷ್ಟೋ ತೋಪೆಗೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ರಾತ್ರಿ ಓಡಿಸಬೇಡಿ ಅಂತ ಎಲ್ಲರೂ ಹೇಳೋಕೆ ಇದೂ ಒಂದು ಕಾರಣ. ತೋಪೆ ಹತ್ತಿರ ಗಾಡಿ ನಿಧಾನ ಆಗುತ್ತೆ, ಅಲ್ಲೇ ಹಣ್ಣು ಮಾರೋರು ನಿಂತಿರ್ತಾರೆ.

ಇನ್ನೊಂದು ವಿಷಯ ನಿಮಗೆ ತಕ್ಷಣ ಅರ್ಥ ಆಗುತ್ತೆ. ನಮ್ಮ ಘಾಟಿಯಲ್ಲಿ ಮುಂದಿನ ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿ 'ಹೋಗು' ಅಂತಾನಲ್ವಾ? ಮೆಕ್ಸಿಕೊದಲ್ಲಿ ಎಡಗಡೆ ಹಾಕ್ತಾರೆ, ಅಲ್ಲಿ ರಸ್ತೆಯ ಬಲಕ್ಕೆ ಓಡಿಸೋದ್ರಿಂದ. ಅವನು ನಿಜಕ್ಕೂ ತಿರುಗ್ತಿದ್ದಾನೋ, ದಾರಿ ಕೊಡ್ತಿದ್ದಾನೋ, ಅದನ್ನ ನೀವೇ ಊಹಿಸಬೇಕು.

ಭಾಗ 8/9 | ಚಾಕೊಲೇಟ್ ಕಾರು

ಈಗ ಕಾಗದಪತ್ರಕ್ಕೆ ಬರೋಣ. ಗಡಿ ಪಟ್ಟಿ ದಾಟಿ ಒಳಗೆ ಹೋಗೋ ಪರದೇಶದ ಗಾಡಿಗೆ 'ತಾತ್ಕಾಲಿಕ ಆಮದು ಪರವಾನಗಿ' ಬೇಕು. ಸೇನೆಯ ಬ್ಯಾಂಕಾದ ಬಾನ್‌ಹೆರ್ಸಿತೊ ಇದನ್ನ ಕೊಡುತ್ತೆ. ಕಾರಾದ್ರೆ ಮಾಡೆಲ್ ನೋಡಿ 200ರಿಂದ 400 ಡಾಲರ್ ಠೇವಣಿ. ಹೇಳಿದ ದಿನದೊಳಗೆ ಗಾಡಿ ವಾಪಸ್ ಹೋಗದಿದ್ರೆ ಠೇವಣಿ ಮುಳುಗಿತು.

ಇಷ್ಟೊಂದು ಅನುಮಾನ ಯಾಕೆ? 1962ರಲ್ಲಿ ಮೆಕ್ಸಿಕೊ ಒಂದು ಆದೇಶ ಹೊರಡಿಸಿತು. ದೇಶದಲ್ಲಿ ಮಾರೋ ಕಾರಿನ 60% ಮೌಲ್ಯ ದೇಶದಲ್ಲೇ ತಯಾರಾಗಬೇಕು, ಪೂರ್ತಿ ತಯಾರಾದ ಕಾರಿನ ಆಮದು ಬಂದ್. ಇದರಿಂದ ಕಾರ್ಖಾನೆಗಳು ಬಂದವು, ಕೆಲಸ ಬಂತು. ಜೊತೆಗೆ ಕಾರಿನ ಬೆಲೆಯೂ ಏರಿತು. ಗಡಿಯ ಆಚೆ ಅಮೆರಿಕದಲ್ಲಿ ಹಳೇ ಕಾರು ಕಡಿಮೆ ಬೆಲೆಗೆ ಸಿಗ್ತಿತ್ತು. ಆಮೇಲಿನದ್ದು ನೀವೇ ಊಹಿಸಿ. ಹೀಗೆ ಕದ್ದುಮುಚ್ಚಿ ಬಂದ ಕಾರುಗಳಿಗೆ 'ಆವುತೊಸ್ ಚೊಕೊಲಾತೆ', ಚಾಕೊಲೇಟ್ ಕಾರುಗಳು, ಅನ್ನೋ ಅಡ್ಡಹೆಸರು ಬಿತ್ತು.

ಉರುಳುವ ಮನೆಯನ್ನ ತಂದು ಮಾರೋರು ಕಮ್ಮಿ, ಖರ್ಚು ಮಾಡೋರು ಜಾಸ್ತಿ. ಹಾಗಾಗಿ ಅದಕ್ಕೆ 10 ವರ್ಷ ಕೊಡೋಕೆ ಕೈ ನಡುಗಲಿಲ್ಲ.

ಹಾಗಾದ್ರೆ ಠೇವಣಿಯ ಬಿಸಿ ಯಾರಿಗೆ ತಟ್ಟುತ್ತೆ? ಡಿಸೆಂಬರ್ ಬಂತು ಅಂದ್ರೆ ಅಮೆರಿಕದಲ್ಲಿ ದುಡಿಯೋ ಮೆಕ್ಸಿಕೊದವರು ಪಿಕಪ್ ಗಾಡಿಯಲ್ಲಿ ಫ್ರಿಜ್, ಸೈಕಲ್, ಬಟ್ಟೆ ತುಂಬ್ಕೊಂಡು ಊರಿಗೆ ಹೊರಡ್ತಾರೆ. ದೀಪಾವಳಿಗೆ ಮೆಜೆಸ್ಟಿಕ್ ನೋಡಿದ್ರೆ ಆ ಸಂಭ್ರಮ ನಿಮಗೆ ಗೊತ್ತು. ದಾರಿಯುದ್ದಕ್ಕೂ ಅವರಿಂದ ಲಂಚ ಕೀಳೋದು ಎಷ್ಟು ಜಾಸ್ತಿ ಆಯಿತು ಅಂದ್ರೆ, 1989ರಲ್ಲಿ ಸರ್ಕಾರವೇ ಅವರ ರಕ್ಷಣೆಗೆ 'ಪಾಯ್ಸಾನೊ' ಅನ್ನೋ ಕಾರ್ಯಕ್ರಮ ತಂದಿತು. 1999ರ ಡಿಸೆಂಬರ್‌ನಲ್ಲಿ ಠೇವಣಿ ಏರಿಸೋಕೆ ಹೋದಾಗ ಅವರೇ ಪ್ರತಿಭಟಿಸಿ ಕೆಲವೇ ದಿನಗಳಲ್ಲಿ ನಿಯಮ ಹಿಂದಕ್ಕೆ ತೆಗೆಸಿದರು.

2022ರಲ್ಲಿ ಚಾಕೊಲೇಟ್ ಕಾರುಗಳನ್ನ 2,500 ಪೆಸೊ ಕಟ್ಟಿಸ್ಕೊಂಡು ಸಕ್ರಮ ಮಾಡೋ ಯೋಜನೆ ಬಂತು. ಆ ದುಡ್ಡು ಯಾವುದಕ್ಕೆ ಅಂತೀರಾ? ರಸ್ತೆ ಗುಂಡಿ ಮುಚ್ಚೋಕೆ.

ಭಾಗ 9/9 | ಮತ್ತೆ ಸೇತುವೆ

ಉತ್ತರಕ್ಕೆ ವಾಪಸ್ ಬರೋಣ. 1969ರ ಸೆಪ್ಟೆಂಬರ್ 21ರಂದು ಅಧ್ಯಕ್ಷ ನಿಕ್ಸನ್ ಸರ್ಕಾರ 'ಆಪರೇಷನ್ ಇಂಟರ್‌ಸೆಪ್ಟ್' ಶುರು ಮಾಡಿತು. ಗಾಂಜಾ ಹುಡುಕೋ ಹೆಸರಲ್ಲಿ ಗಡಿಯ ಪ್ರತಿ ಗಾಡಿ ತಪಾಸಣೆ. ಸಿಕ್ಕ ಗಾಂಜಾ ಅಲ್ಪ, ಸಿಕ್ಕಿಹಾಕ್ಕೊಂಡ ಜನ ಲಕ್ಷಾಂತರ. ಎರಡೂ ಕಡೆಯ ಗಡಿ ಊರುಗಳ ವ್ಯಾಪಾರ ನೆಲ ಕಚ್ಚಿತು, ಮೆಕ್ಸಿಕೊ ಸರ್ಕಾರ ಸಿಟ್ಟಾಯಿತು. ಸುಮಾರು ಮೂರು ವಾರಕ್ಕೆ ಕೈಬಿಟ್ಟರು. ಆದರೆ ಸಾಲು ನಿಲ್ಲಿಸಿದ್ರೆ ಪಕ್ಕದ ದೇಶದ ಮೇಲೆ ಒತ್ತಡ ಹಾಕಬಹುದು ಅನ್ನೋ ಪಾಠವನ್ನ ಅಮೆರಿಕ ಮರೆಯಲಿಲ್ಲ.

2001ರ ಸೆಪ್ಟೆಂಬರ್ ದಾಳಿ ಆದ ಮೇಲೆ ತಪಾಸಣೆ ಮತ್ತೆ ಬಿಗಿಯಾಯಿತು. 2009ರ ಜೂನ್ 1ರಿಂದ ನೆಲದ ಗಡಿಯಲ್ಲೂ ಅಮೆರಿಕದವರೇ ಪಾಸ್‌ಪೋರ್ಟ್ ಅಥವಾ ಅಂಥದ್ದೇ ದಾಖಲೆ ತೋರಿಸೋದು ಕಡ್ಡಾಯವಾಯಿತು. ಮೆಕ್ಸಿಕೊ ಕಡೆ 2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕಾಲ್ದೆರೊನ್ ಡ್ರಗ್ಸ್ ದಂಧೆ ವಿರುದ್ಧ ಸೇನೆ ಇಳಿಸಿದರು. ಹೆದ್ದಾರಿಯಲ್ಲಿ ಸೈನಿಕರ ತಪಾಸಣೆ ಈಗ ದಿನನಿತ್ಯದ ಮಾತು. ಅವರು ಹುಡುಕೋದು ಡ್ರಗ್ಸ್ ಜೊತೆಗೆ ಬಂದೂಕನ್ನ, ಯಾಕಂದ್ರೆ ಬಂದೂಕು ಬರೋದು ಉತ್ತರದಿಂದ. ಉತ್ತರದವರಿಗೆ ದಕ್ಷಿಣದ ಮೇಲೆ ಅನುಮಾನ, ದಕ್ಷಿಣದವರಿಗೆ ಉತ್ತರದ ಮೇಲೆ.

ಅಷ್ಟರಲ್ಲೂ ರಸ್ತೆ ಕಟ್ಟೋ ಹುಮ್ಮಸ್ಸು ಕುಂದಿಲ್ಲ. ದುರಾಂಗೊ ಮತ್ತು ಮಾಸಾತ್ಲಾನ್ ನಡುವೆ 'ಸೈತಾನನ ಬೆನ್ನುಮೂಳೆ' ಅಂತ ಕರೆಯೋ ಘಟ್ಟ ಇದೆ. ಅಲ್ಲಿ 2012ರಲ್ಲಿ ಉದ್ಘಾಟನೆಯಾದ ಬಾಲುವಾರ್ತೆ ಸೇತುವೆ ಕಣಿವೆಯಿಂದ 400 ಮೀಟರ್ ಎತ್ತರದಲ್ಲಿದೆ. 60ಕ್ಕೂ ಹೆಚ್ಚು ಸುರಂಗ ಕೊರೆದು ಅರ್ಧ ದಿನದ ಪಯಣವನ್ನ ಮೂರು ಗಂಟೆಯ ಆಸುಪಾಸಿಗೆ ಇಳಿಸಿದರು.

400 ಮೀಟರ್ ಆಳದ ಕಣಿವೆ ದಾಟೋಕೆ ಎಂಜಿನಿಯರ್‌ಗಳಿಗೆ ದಾರಿ ಸಿಕ್ಕಿತು. ಲಾರೆಡೊದಲ್ಲಿ ನದಿಯ ಅಗಲ ನೂರಿನ್ನೂರು ಹೆಜ್ಜೆ ಇರಬಹುದು. ಅದನ್ನ ದಾಟೋಕೆ ಎಷ್ಟು ಹೊತ್ತು ಬೇಕು ಅನ್ನೋದನ್ನ ನಿಮ್ಮ ಜೇಬಿನಲ್ಲಿರೋ ಪಾಸ್‌ಪೋರ್ಟ್ ತೀರ್ಮಾನಿಸುತ್ತೆ. ಆರ್‌ವಿಯ ಅಜ್ಜ ಅಜ್ಜಿಗೆ ಆ ಎರಡು ಗಂಟೆ ಬೇಜಾರಿನ ವಿಷಯ. ಹುವಾರೆಸ್‌ನಿಂದ ಎಲ್ ಪಾಸೊಗೆ ಇವತ್ತಿಗೂ ದಿನಾ ಕೆಲಸಕ್ಕೆ, ಶಾಲೆಗೆ ಹೋಗೋರಿಗೆ ಅದು ಜೀವನದಿಂದ ಕಳೆದುಹೋಗೋ ಹೊತ್ತು. ಕಾರ್ಮೆಲಿತಾ ಇಳಿದು ನಿಂತದ್ದು ಇದೇ ಎರಡು ಊರುಗಳ ನಡುವಿನ ಸೇತುವೆ ಹತ್ತಿರ.

ಮುಂದಿನ ಸಲ ಯಾರಾದ್ರೂ ರೋಡ್ ಟ್ರಿಪ್ ರೀಲ್ ಹಾಕಿದ್ರೆ, ರಸ್ತೆ ಚೆನ್ನಾಗಿದೆಯಾ ಅಂತ ಮಾತ್ರ ಕೇಳಬೇಡಿ. ಅದನ್ನ ಯಾರ ದುಡ್ಡಲ್ಲಿ ಕಟ್ಟಿದ್ರು, ಪಕ್ಕದ ಪುಕ್ಕಟೆ ರಸ್ತೆ ಹೇಗಿದೆ, ಎದುರಿನ ಸಾಲಲ್ಲಿ ಯಾರು ನಿಂತಿದ್ದಾರೆ ಅಂತಲೂ ನೋಡಿ. ಈ ಮೂರು ಪ್ರಶ್ನೆ ಯಾವ ದೇಶದ ರಸ್ತೆಗೆ ಬೇಕಾದ್ರೂ ಕೇಳಬಹುದು.

ಸೇವ್ ಮಾಡಿಟ್ಕೊಳ್ಳಿ. ಇತಿಹಾಸ ಬೋರ್ ಅನ್ನೋ ಗೆಳೆಯನಿಗೆ ಒಂದು ಸಲ ಕಳಿಸಿ ನೋಡಿ.

#ಇತಿಹಾಸ #ಮೆಕ್ಸಿಕೊ #ರಸ್ತೆಯ_ಕಥೆ #ಗಡಿ #ಕನ್ನಡದಲ್ಲಿ_ಇತಿಹಾಸ